ಲಯನ್ಸ್ ಡ್ರಾಫ್ಟ್ ಬೋರ್ಡ್ 2023: ನಾನು ಬರ್ಕೊಂಡ ಪಟ್ಟಿ, ಅವರು ಆರಿಸಿದ ಹುಡುಗರು

ಜನವರಿ 9, 2023

ನಿನ್ನೆ ರಾತ್ರಿ ಅಮೆರಿಕನ್ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಮ್ಮ ಡೆಟ್ರಾಯಿಟ್ ಲಯನ್ಸ್ ಆಟ ನೋಡಿ ಕೂಗಿ ಕೂಗಿ ಗಂಟಲು ಕಟ್ಟಿದೆ. ಮ್ಯಾಚ್ ಶುರುವಾಗೋ ಮುಂಚೆನೇ ನಮ್ಮ ಪ್ಲೇಆಫ್ ಆಸೆ ಮುಗ್ದೋಗಿತ್ತು, ಸಿಯಾಟಲ್‌ನವರು ರ‍್ಯಾಮ್ಸ್ ಮೇಲೆ ಓವರ್‌ಟೈಮಲ್ಲಿ 19-16ಕ್ಕೆ ಗೆದ್ದುಬಿಟ್ರು, ಅಲ್ಲಿಗೆ ಡೆಟ್ರಾಯಿಟ್ ಲಯನ್ಸ್ ಹೊರಗೆ. ಆದ್ರೂ ನಮ್ಮೋರು ಗ್ರೀನ್ ಬೇಗೆ ಹೋಗಿ ಆ ಚಳೀಲಿ ಪ್ಯಾಕರ್ಸ್‌ನ 20-16ಕ್ಕೆ ಸೋಲಿಸಿ ಅವರನ್ನೂ ಮನೆಗೆ ಕಳಿಸಿದ್ರು. 1-6 (ಒಂದು ಗೆಲುವು, ಆರು ಸೋಲು) ಇದ್ದ ಟೀಮು 9-8ಕ್ಕೆ ಬಂದು ನಿಂತಿದೆ. ಮಿಶಿಗನ್‌ಗೆ ಬಂದು ಎಂಟು ವರ್ಷ ಆಯ್ತು, ಸೀಸನ್ ಮುಗಿದ ಮಾರನೇ ದಿನ ಆಫೀಸಲ್ಲಿ ಜನ ನಗ್ತಾ ಇರೋದನ್ನ ನಾನು ನೋಡಿದ್ದು ಇದೇ ಮೊದಲು.

ಇನ್ನೊಂದು ವಿಷಯ. ರ‍್ಯಾಮ್ಸ್ ಸೋತಿದ್ದು ನಮ್ಮ ಪ್ಲೇಆಫ್ ಕಿತ್ಕೊಂಡ್ರೂ ಡ್ರಾಫ್ಟ್‌ನಲ್ಲಿ ನಮಗೆ ಒಳ್ಳೇದೇ ಮಾಡ್ತು. 2021ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸೋನು) ಮ್ಯಾಥ್ಯೂ ಸ್ಟ್ಯಾಫರ್ಡ್‌ನ ರ‍್ಯಾಮ್ಸ್‌ಗೆ ಕೊಟ್ಟು ಜ್ಯಾರೆಡ್ ಗಾಫ್‌ನ ತಗೊಂಡಾಗ ಜೊತೆಗೆ ಒಂದು ಮೂರನೇ ರೌಂಡ್ ಪಿಕ್ಕು (ಡ್ರಾಫ್ಟಲ್ಲಿ ಹೊಸ ಹುಡುಗನ್ನ ಆರಿಸೋ ಸರದಿ), ಎರಡು ಮೊದಲನೇ ರೌಂಡ್ ಪಿಕ್ಕು ಬಂದಿತ್ತು, ಅದರಲ್ಲಿ ಕೊನೇದು ಈ ವರ್ಷದ್ದು. ಸ್ಟ್ಯಾಫರ್ಡ್ ಹೋದ ವರ್ಷ ಅಲ್ಲಿ ಲೀಗ್ ಫೈನಲ್ಲಾದ ಸೂಪರ್ ಬೌಲ್ ಗೆದ್ದ, ಈ ವರ್ಷ ರ‍್ಯಾಮ್ಸ್ 5-12. ಹಂಗಾಗಿ ಆ ಪಿಕ್ಕು 6ನೇದು. ನಮ್ಮ ಸ್ವಂತದ್ದು 18ನೇದು.

ಊರಲ್ಲಿರೋ ತಮ್ಮ ಕೇಳ್ತಾನೆ ಇದು ಐಪಿಎಲ್ ಆಕ್ಷನ್ ತರಾನಾ ಅಂತ. ಅಲ್ಲ ಕಣೋ, ಇಲ್ಲಿ ದುಡ್ಡು ಕೂಗೋ ಹಂಗಿಲ್ಲ, ಹೋದ ಸೀಸನ್ನಲ್ಲಿ ಯಾರು ತೀರಾ ಕೆಟ್ಟದಾಗಿ ಆಡಿದ್ರೋ ಅವರು ಮೊದಲು ಆರಿಸ್ತಾರೆ, ಕಾಲೇಜಿಂದ ಬರೋ ಹುಡುಗರನ್ನ, ಏಳು ರೌಂಡು. ಸರದಿ ಮಾತ್ರ ಅದಲು ಬದಲು ಮಾಡ್ಕೋಬಹುದು. ನನ್ನ ತಲೆ ಕೆಡಿಸಿರೋದು ಆ ಸರದಿ ವ್ಯಾಪಾರಾನೇ.

ಈ ಸಲ ನಾನೇ ಒಂದು ಬೋರ್ಡ್ (ಹುಡುಗರ ರ‍್ಯಾಂಕ್ ಪಟ್ಟಿ) ಮಾಡ್ತೀನಿ. ಬೇರೆಯವರ ಮಾಕ್ ಡ್ರಾಫ್ಟ್ (ಯಾರು ಯಾರನ್ನ ಆರಿಸ್ತಾರೆ ಅನ್ನೋ ಊಹೆ ಪಟ್ಟಿ) ಓದಿ ತಲೆ ಅಲ್ಲಾಡ್ಸೋದು ಸಾಕು.

ಜನವರಿ 29

ಶೀಟು ರೆಡಿ. 60 ಹುಡುಗರು, ನಾಲ್ಕು ಕಾಲಂ. ಆಟ ನೋಡಿ ಕೊಡೋ ಮಾರ್ಕ್ಸ್ 50ಕ್ಕೆ, ಮೈಕಟ್ಟು ಮತ್ತೆ ವೇಗ 20ಕ್ಕೆ, ಪೊಸಿಶನ್ ಬೆಲೆ 20ಕ್ಕೆ, ನಮ್ಮ ಟೀಮಿಗೆ ಎಷ್ಟು ಬೇಕು ಅನ್ನೋದು 10ಕ್ಕೆ. ಪೊಸಿಶನ್ ಬೆಲೇಲಿ ಕ್ವಾರ್ಟರ್‌ಬ್ಯಾಕ್‌ಗೆ ಪೂರ್ತಿ 20, ಎಡ್ಜ್ ರಶರ್ (ಅಂಚಿಂದ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನ ಬೀಳಿಸೋನು), ಟ್ಯಾಕಲ್ (ಅವನನ್ನ ಕಾಯೋ ದಪ್ಪ ಆಳು), ಕಾರ್ನರ್‌ಗೆ (ಪಾಸ್ ಹಿಡಿಯೋರನ್ನ ತಡೆಯೋನು) 16ರ ಮೇಲೆ, ರನ್ನಿಂಗ್ ಬ್ಯಾಕ್‌ಗೆ (ಬಾಲ್ ಹಿಡ್ಕೊಂಡು ಓಡೋನು) 5, ಒಳಗಿನ ಲೈನ್‌ಬ್ಯಾಕರ್‌ಗೆ (ಡಿಫೆನ್ಸ್ ಮಧ್ಯದಲ್ಲಿ ನಿಲ್ಲೋನು) 6. ಇದು ನನ್ನ ಸ್ವಂತ ಯೋಚನೆ ಏನಲ್ಲ, ಸುಮಾರು ಹತ್ತು ವರ್ಷದಿಂದ ಲೆಕ್ಕ ಹಾಕೋರೆಲ್ಲ ಹೇಳ್ತಾ ಬಂದಿರೋದೇ.

ಸಂಕ್ರಾಂತಿ ವಾರದಲ್ಲಿ ಇಲ್ಲೇ ಮಿಶಿಗನ್‌ನ ನೋವೈನಲ್ಲಿ ಒಬ್ಬರ ಮನೇಲಿ ಊಟಕ್ಕೆ ಸೇರಿದ್ವಿ, ಎಳ್ಳು ಬೆಲ್ಲ ತಿನ್ಕೊಂಡು ಎರಡು ಗಂಟೆ ಇದೇ ವಾದ. ನಮ್ಮ ಡಿಫೆನ್ಸ್ ಹೋದ ಸೀಸನ್ ಗಜಗಳ ಲೆಕ್ಕದಲ್ಲಿ ಲೀಗ್‌ನಲ್ಲೇ ಕೊನೆ, ಅದರಲ್ಲೂ ಡಿಸೆಂಬರ್ 24ಕ್ಕೆ ಕ್ಯಾರೊಲಿನಾದವರು ನಮ್ಮ ಮೇಲೆ 320 ಗಜ ಬರೀ ಓಡಿಯೇ ತಗೊಂಡ್ರು. ಒಬ್ಬರು ಕಾರ್ನರ್ ಬೇಕು ಅಂತಾರೆ, ಇನ್ನೊಬ್ಬರು ಡಿಫೆನ್ಸ್ ಲೈನಿನ ಒಳಗೆ ದಪ್ಪ ಟ್ಯಾಕಲ್ ಬೇಕು ಅಂತಾರೆ. ಲೈನ್‌ಬ್ಯಾಕರ್ ಅಂತ ಒಬ್ಬರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಮಾರ್ಚ್ 6

ಇಂಡಿಯಾನಾಪೊಲಿಸ್ ಕಂಬೈನ್, ಅಂದ್ರೆ ಡ್ರಾಫ್ಟ್ ಹುಡುಗರ ಮೈಕಟ್ಟು ವೇಗ ಅಳೆಯೋ ಕ್ಯಾಂಪು, ಮುಗೀತು. ಎರಡನೇ ಕಾಲಂ ತುಂಬ್ತಾ ಕೂತೆ. ಅಲಬಾಮಾದ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್ 40 ಗಜ 4.36 ಸೆಕೆಂಡಲ್ಲಿ ಓಡಿದಾನೆ, ತೂಕ 199 ಪೌಂಡು, ಅಂದ್ರೆ ಸುಮಾರು 90 ಕೆಜಿ. ಅಯೋವಾದ ಲೈನ್‌ಬ್ಯಾಕರ್ ಜ್ಯಾಕ್ ಕ್ಯಾಂಪ್‌ಬೆಲ್ ಆರು ಅಡಿ ಐದಿಂಚು, 249 ಪೌಂಡು, ಅಷ್ಟು ದೊಡ್ಡ ಆಳು 4.65. ಇಬ್ಬರಿಗೂ ಆ ಕಾಲಂನಲ್ಲಿ ಒಳ್ಳೆ ಮಾರ್ಕ್ಸು, ಆದ್ರೆ ಪೊಸಿಶನ್ ಕಾಲಂ ಕೆಳಗೆ ಎಳೀತು, ನನ್ನ ಬೋರ್ಡಲ್ಲಿ ಗಿಬ್ಸ್ 23ಕ್ಕೆ, ಕ್ಯಾಂಪ್‌ಬೆಲ್ 44ಕ್ಕೆ.

ಅಲಬಾಮಾದಲ್ಲಿ ಡಿಫೆನ್ಸ್ ಹಿಂದುಗಡೆ ಆಡೋ ಬ್ರಯಾನ್ ಬ್ರಾಂಚ್ 4.58 ಓಡಿದ, ಎಲ್ಲರೂ ಅವನನ್ನ ಕೆಳಗೆ ತಳ್ತಾ ಇದಾರೆ. ನಾನು ಅವನ ಆರು ಮ್ಯಾಚ್ ನೋಡಿದೀನಿ, ಎದುರಾಳೀನ ಹಿಡಿದು ಬೀಳಿಸೋದು ತಪ್ಪೋದೇ ಅಪರೂಪ, ಬಾಲ್ ಎಲ್ಲಿಗೆ ಬರುತ್ತೆ ಅಂತ ಎದುರಾಳಿಗಿಂತ ಅರ್ಧ ಹೆಜ್ಜೆ ಮುಂಚೆ ಅವನಿಗೆ ಗೊತ್ತಿರುತ್ತೆ. ನನ್ನ ಬೋರ್ಡಲ್ಲಿ ಅವನು 12. ಇಳಿಸಲ್ಲ.

ಮಾರ್ಚ್ 24

ಫ್ರೀ ಏಜೆನ್ಸಿ, ಅಂದ್ರೆ ಕಾಂಟ್ರಾಕ್ಟು ಮುಗಿದವರು ಬೇರೆ ಟೀಮಿಗೆ ಹೋಗೋ ಕಾಲ. ನಮ್ಮ ರನ್ನಿಂಗ್ ಬ್ಯಾಕ್ ಜಮಾಲ್ ವಿಲಿಯಮ್ಸ್ ನ್ಯೂ ಆರ್ಲಿಯನ್ಸ್‌ಗೆ ಹೋದ. ಮನಸ್ಸಿಗೆ ಬೇಜಾರಾಯ್ತು. ಹೋದ ಸೀಸನ್ 17 ಟಚ್‌ಡೌನ್ (ಬಾಲ್ ಕೊನೇ ಗೆರೆ ದಾಟಿಸೋದು) ಓಡಿದ್ದ, ನಮ್ಮ ಹಳೇ ದಿಗ್ಗಜ ಬ್ಯಾರಿ ಸ್ಯಾಂಡರ್ಸ್‌ನ 16ರ ಟೀಮ್ ದಾಖಲೆ ಮುರಿದಿದ್ದ, ಅಂಥವನನ್ನ ಬಿಟ್ರಲ್ಲಾ ಅಂತ. ಅವನ ಜಾಗಕ್ಕೆ ಶಿಕಾಗೋದಿಂದ ಡೇವಿಡ್ ಮಾಂಟ್ಗಮರಿ, ಮೂರು ವರ್ಷ 18 ಮಿಲಿಯನ್ ಡಾಲರ್. ಹಿಂದುಗಡೆ ಡಿಫೆನ್ಸ್‌ಗೆ ಹೊಸಬರು ಮೂರು ಜನ, ಅದರಲ್ಲಿ ಸಿ.ಜೆ. ಗಾರ್ಡನರ್-ಜಾನ್ಸನ್ ಒಂದು ವರ್ಷಕ್ಕೆ.

ಆಫೀಸಲ್ಲಿ ಪಕ್ಕದ ಸೀಟಿನ ಹಿರಿಯರು, ಇಲ್ಲೇ ಹುಟ್ಟಿ ಬೆಳೆದೋರು, 0-16 ಆದ 2008ರಲ್ಲೂ ಟಿಕೆಟ್ ಬಿಡದೋರು, ಅವರು ಒಂದು ಮಾತು ಹೇಳಿದ್ರು, ಈ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಡ್ರಾಫ್ಟ್‌ಗೆ ಮುಂಚೆನೇ ಎಲ್ಲಾ ತೂತು ಮುಚ್ಕೊಳ್ತಾನೆ, ಆಮೇಲೆ ಅವತ್ತು ಅವನಿಗೆ ಯಾವ ಹುಡುಗ ಇಷ್ಟವೋ ಅವನನ್ನೇ ತಗೊಳ್ಳೋಕೆ ಅಂತ. ಆಗ ನಾನು ತಲೆಗೆ ಹಾಕ್ಕೊಳ್ಳಲಿಲ್ಲ. ರನ್ನಿಂಗ್ ಬ್ಯಾಕ್ ಬಂದ ಅಂದ್ಮೇಲೆ ಗಿಬ್ಸ್‌ಗೆ ಕೊನೇ ಕಾಲಂನಲ್ಲೂ ಮಾರ್ಕ್ಸ್ ಕಿತ್ಕೊಂಡೆ, 31ಕ್ಕೆ ಬಿದ್ದ.

ಏಪ್ರಿಲ್ 12

ಜೆಫ್ ಒಕುಡಾ ಅಟ್ಲಾಂಟಾಗೆ, ಸಿಕ್ಕಿದ್ದು ಒಂದು ಐದನೇ ರೌಂಡ್ ಪಿಕ್ಕು, 159ನೇದು. 2020ರಲ್ಲಿ ಇಡೀ ಡ್ರಾಫ್ಟಲ್ಲೇ ಮೂರನೆಯವನಾಗಿ ತಗೊಂಡ ಕಾರ್ನರ್. ಕಾರ್ನರ್‌ಗೆ ಪೊಸಿಶನ್ ಬೆಲೆ ಜಾಸ್ತಿ ಅಂತ ನನ್ನ ಶೀಟು ಹೇಳುತ್ತೆ, ಆದ್ರೆ ಆ ಬೆಲೆ ಕೊಟ್ಟು ತಂದವನು ಮೂರು ವರ್ಷಕ್ಕೆ 159 ಆಗಿಹೋದ. ಅವನಿಗೆ ಗಾಯದ ಮೇಲೆ ಗಾಯ ಆಯ್ತು, ಅದನ್ನ ಯಾವ ಶೀಟೂ ಹೇಳಲ್ಲ. ಈ ಹುಡುಗನಿಗೆ ಅಲ್ಲಿ ಒಳ್ಳೇದಾಗಲಿ.

ಏಪ್ರಿಲ್ 28, ಬೆಳಿಗ್ಗೆ

ನಿನ್ನೆ ಕ್ಯಾನ್ಸಸ್ ಸಿಟೀಲಿ ಮೊದಲನೇ ರೌಂಡು. ನಮ್ಮ ಬೇಸ್ಮೆಂಟಲ್ಲಿ ಏಳು ಜನ, ಮಂಡಕ್ಕಿ ಮಿರ್ಚಿ ಮಾಡಿದ್ದೆ, ದಾವಣಗೆರೆಯವನಾಗಿ ಅಷ್ಟೂ ಮಾಡದಿದ್ರೆ ಹೆಂಗೆ.

ನಮ್ಮೆಲ್ಲರ ಆಸೆ ಇಲಿನಾಯ್ ಕಾರ್ನರ್ ಡೆವನ್ ವಿದರ್‌ಸ್ಪೂನ್ ಮೇಲಿತ್ತು, ಸಿಯಾಟಲ್‌ನವರು 5ಕ್ಕೇ ಎತ್ಕೊಂಡ್ರು. ರೂಮಲ್ಲಿ ನಿಟ್ಟುಸಿರು. ನಮ್ಮ 6 ಬಂತು, ಅಷ್ಟರಲ್ಲಿ ಟ್ರೇಡ್ ಅಂತ ಟಿವೀಲಿ ಬಂತು. 6 ಮತ್ತೆ 81 ಅರಿಜೋನಾಗೆ ಕೊಟ್ಟು 12, 34, 168 ತಗೊಂಡ್ರು. ನಾನು ತಕ್ಷಣ ಪೆನ್ನು ತಗೊಂಡೆ. 1990ರ ದಶಕದಲ್ಲಿ ಡಲ್ಲಸ್ ಕೋಚ್ ಜಿಮ್ಮಿ ಜಾನ್ಸನ್ ಕಾಲದ ಒಂದು ಪಾಯಿಂಟ್ ಪಟ್ಟಿ ಇದೆ, ಪ್ರತಿ ಸರದಿಗೂ ಒಂದು ಬೆಲೆ. 6ಕ್ಕೆ 1600, 81ಕ್ಕೆ 185, ಒಟ್ಟು 1785. ಆ ಕಡೆ 12ಕ್ಕೆ 1200, 34ಕ್ಕೆ 560, 168ಕ್ಕೆ ಇಪ್ಪತ್ತಮೂರು ಇಪ್ಪತ್ತನಾಲ್ಕು. ಮುಯ್ಯಿಗೆ ಮುಯ್ಯಿ ಸರಿಹೋಯ್ತು! ಇಷ್ಟು ಕರಾರುವಾಕ್ಕಾಗಿ ಕೂಡಿ ಬರೋದನ್ನ ಕಣ್ಣಾರೆ ನೋಡಿದ್ರೆ ಮೈ ಜುಮ್ ಅನ್ನುತ್ತೆ, ಫೋನಲ್ಲಿ ಹತ್ತು ನಿಮಿಷದಲ್ಲಿ ಆಗೋ ವ್ಯಾಪಾರ ಇದು.

ಆಮೇಲೆ 12 ಬಂತು. ಜಮೀರ್ ಗಿಬ್ಸ್.

ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದ್ರು. ಮಾಂಟ್ಗಮರಿ ಇದಾನೆ, ಡಿಆಂಡ್ರೆ ಸ್ವಿಫ್ಟ್ ಇದಾನೆ, ಮತ್ಯಾಕೆ ಇನ್ನೊಬ್ಬ ರನ್ನಿಂಗ್ ಬ್ಯಾಕು? ಅದು ಆರೋ ಮುಂಚೆನೇ 18 ಬಂತು, ಜ್ಯಾಕ್ ಕ್ಯಾಂಪ್‌ಬೆಲ್ (ಕೋಚ್ ಡ್ಯಾನ್ ಕ್ಯಾಂಪ್‌ಬೆಲ್‌ಗೂ ಇವನಿಗೂ ಸಂಬಂಧ ಇಲ್ಲ). ರನ್ನಿಂಗ್ ಬ್ಯಾಕು, ಲೈನ್‌ಬ್ಯಾಕರು, ನನ್ನ ಶೀಟಲ್ಲಿ 31 ಮತ್ತು 44. ಒಬ್ಬ ಗೆಳೆಯ ಎದ್ದು ಹೊರಟೇಹೋದ, ಅರ್ಧ ಮಿರ್ಚಿ ತಟ್ಟೇಲೇ ಬಿಟ್ಟು. ಟಿವೀಲೂ ಬೈತಾ ಇದ್ರು. ನಂಗೂ ಕೋಪ ಬಂತು, ಸುಳ್ಳು ಹೇಳಲ್ಲ, ನಾಲ್ಕು ತಿಂಗಳು ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ ಲೆಕ್ಕಕ್ಕೆ ಪೂರಾ ವಿರುದ್ಧ.

ಏಪ್ರಿಲ್ 30

34ಕ್ಕೆ ಅಯೋವಾದ ಟೈಟ್ ಎಂಡ್ (ಪಾಸೂ ಹಿಡಿಯೋ, ಎದುರಾಳೀನೂ ತಡೆಯೋ ಆಟಗಾರ) ಸ್ಯಾಮ್ ಲಪೋರ್ಟಾ. ನವೆಂಬರಲ್ಲಿ ಟಿ.ಜೆ. ಹಾಕಿನ್ಸನ್‌ನ ಮಿನೆಸೋಟಾಗೆ, ನಮ್ಮದೇ ಡಿವಿಷನ್ನಿನವರಿಗೆ, ಕೊಟ್ಟಾಗಿಂದ ಆ ಜಾಗ ಖಾಲಿ.

ಆಮೇಲೆ ಬ್ರಾಂಚ್ ಇನ್ನೂ ಉಳಿದಿದ್ದ! ನಮ್ಮ ಸರದಿ 48, ಹೋಮ್ಸ್ ಕಾಯಲಿಲ್ಲ, ಪ್ಯಾಕರ್ಸ್‌ಗೆ 48 ಮತ್ತೆ 159 ಕೊಟ್ಟು 45ಕ್ಕೆ ಹತ್ತಿ ಅವನನ್ನ ತಗೊಂಡ. 159 ಯಾವುದು ಹೇಳಿ? ಒಕುಡಾಗೆ ಸಿಕ್ಕಿದ ಪಿಕ್ಕೇ. ನಾನು ಸೋಫಾ ಮೇಲೆ ನಿಂತು ಕೂಗಿದೆ, ಮಗಳು ಎದ್ದು ಬಂದ್ಲು.

ನಿನ್ನೆ ಸ್ವಿಫ್ಟ್‌ನ ಫಿಲಡೆಲ್ಫಿಯಾಗೆ ಕಳಿಸಿದ್ರು. ಹಿರಿಯರು ಹೇಳಿದ ಮಾತು ಈಗ ಅರ್ಥ ಆಗ್ತಾ ಇದೆ.

ಮೇ 14

ಎರಡು ವಾರದಿಂದ ಶೀಟು ಬಿಚ್ಚಿ ಕೂತಿದೀನಿ. ಪೊಸಿಶನ್ ಬೆಲೆ ಅನ್ನೋ ಕಾಲಂ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋಗಿ ನೋಡಿದ್ರೆ ಅದು ಆಟದಿಂದ ಬಂದಿದ್ದಲ್ಲ, ಸಂಬಳದಿಂದ ಬಂದಿದ್ದು. ಮೊದಲನೇ ರೌಂಡ್ ಹುಡುಗನ ಕಾಂಟ್ರಾಕ್ಟು ನಾಲ್ಕು ವರ್ಷ, ಐದನೇ ವರ್ಷ ಟೀಮಿನ ಇಷ್ಟ, ಮೊದಲ ನಾಲ್ಕು ವರ್ಷದ ಸಂಬಳ ಸರದಿ ಮೇಲೆ ಮೊದಲೇ ನಿಗದಿ, ಪೊಸಿಶನ್ ಯಾವುದಾದ್ರೂ ಒಂದೇ. ಒಳ್ಳೆ ಎಡ್ಜ್ ರಶರ್ ಮಾರ್ಕೆಟ್ಟಲ್ಲಿ ಭಾರಿ ದುಬಾರಿ, ಡ್ರಾಫ್ಟಲ್ಲಿ ಸಿಕ್ಕಿದ್ರೆ ಕೋಟಿಗಟ್ಲೆ ಉಳಿತಾಯ. ರನ್ನಿಂಗ್ ಬ್ಯಾಕ್ ಮಾರ್ಕೆಟ್ಟಲ್ಲೇ ಅಗ್ಗ, ಅದಕ್ಕೆ 12ನೇ ಪಿಕ್ಕಲ್ಲಿ ತಗೊಂಡ್ರೆ ಉಳಿಯೋದು ಕಮ್ಮಿ. ಈ ಮಾತು ನಿಜ, ಅಲ್ಲಗಳೆಯಲ್ಲ. ಆದ್ರೆ ನಾನು ಮಾಡಿದ ತಪ್ಪು ಏನಂದ್ರೆ, ಆ ಉಳಿತಾಯದ ಲೆಕ್ಕಾನ ಹುಡುಗ ಎಷ್ಟು ಚೆನ್ನಾಗಿದಾನೆ ಅನ್ನೋ ಲೆಕ್ಕದ ಜೊತೆಗೆ ಒಂದೇ ಪಾತ್ರೇಲಿ ಕಲಸಿಬಿಟ್ಟೆ. ಉಳಿಸಿದ ದುಡ್ಡು ಬೇಕಿರೋದು ಆ ದುಡ್ಡಲ್ಲಿ ಇನ್ನೊಬ್ಬನನ್ನ ತರೋಕೆ. ಈ ವರ್ಷ ನಮ್ಮ ಹತ್ರ ಸಂಬಳದ ಮಿತಿ ಒಳಗೆ ಜಾಗ ಇತ್ತು, ಮಾರ್ಚಲ್ಲೇ ತರಬೇಕಾದವರನ್ನ ತಂದಾಗಿತ್ತು. ಮುಂದೆ ಪೆನೈ ಸೂವೆಲ್, ಫ್ರ್ಯಾಂಕ್ ರ‍್ಯಾಗ್ನೋ ಥರದವರು ಗೋಡೆ ಹಂಗೆ ನಿಂತಿರೋ ಲೈನ್ ಹಿಂದೆ 4.36 ಓಡೋ ಹುಡುಗ ಇದ್ರೆ ಏನಾಗುತ್ತೆ ಅನ್ನೋ ಪ್ರಶ್ನೇನ ನನ್ನ ಶೀಟು ಕೇಳಲೇ ಇಲ್ಲ, ಮಾಂಟ್ಗಮರಿ ಇದಾನೆ ಅಂತ ಮಾರ್ಕ್ಸ್ ಕಿತ್ಕೊಳ್ತು.

ಹೊಸ ಶೀಟಲ್ಲಿ ಪೊಸಿಶನ್ ಬೆಲೆ ಬೇರೆ ಹಾಳೆಗೆ ಹೋಗಿದೆ, ಮಾರ್ಕ್ಸ್‌ಗೆ ಸೇರಲ್ಲ. ಅದರ ಜಾಗಕ್ಕೆ "ಮೊದಲ ವರ್ಷ ಎಷ್ಟು ಸ್ನ್ಯಾಪ್ ಆಡ್ತಾನೆ, ಯಾರ ಪಕ್ಕದಲ್ಲಿ ಆಡ್ತಾನೆ" ಅಂತ ಒಂದು ಕಾಲಂ (ಸ್ನ್ಯಾಪ್ ಅಂದ್ರೆ ಬಾಲ್ ಕೊಟ್ಟು ಶುರು ಮಾಡೋ ಒಂದೊಂದು ಆಟ). ತುಂಬೋದು ಕಷ್ಟ ಇದೆ, ಕೋಚ್‌ಗಳ ಹಳೇ ಮ್ಯಾಚ್ ನೋಡಬೇಕಾಗುತ್ತೆ. ನೋಡ್ತೀನಿ.

ಸೆಪ್ಟೆಂಬರ್ 8

ಮೊದಲ ಮ್ಯಾಚು, ಚಾಂಪಿಯನ್ ಕ್ಯಾನ್ಸಸ್ ಸಿಟಿ ಮನೇಲೇ 21-20. ಬ್ರಾಂಚ್ ಬಾಲ್ ಹಿಡಿದು 50 ಗಜ ಓಡಿ ಟಚ್‌ಡೌನ್. ಅವನ ಮೊದಲನೇ ಮ್ಯಾಚಲ್ಲೇ. ಬೇರೆ ಏನೂ ಬರೆಯಲ್ಲ ಇವತ್ತು.

ಜನವರಿ 30, 2024

ಭಾನುವಾರದ್ದು ಇನ್ನೂ ಅರಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್ ಮೇಲೆ ಅರ್ಧಕ್ಕೆ 24-7 ಮುಂದಿದ್ವಿ, ಗೆದ್ದಿದ್ರೆ ಸೂಪರ್ ಬೌಲ್, 34-31ಕ್ಕೆ ಸೋತ್ವಿ. ಮೂರನೇ ಕ್ವಾರ್ಟರಲ್ಲಿ ಗಿಬ್ಸ್ ಕೈಯಿಂದ ಬಾಲ್ ಜಾರ್ತು, ಅದೂ ಒಂದು ಕಾರಣ, ಆದ್ರೆ ಅವನಿಲ್ಲದೆ ಅಲ್ಲಿವರೆಗೆ ಹೋಗ್ತಿದ್ವಾ ಅಂತ ಕೇಳಿದ್ರೆ ನನ್ನ ಉತ್ತರ ಇಲ್ಲ.

ಬೋರ್ಡ್ ತೆಗೆದು ಎದುರಿಗೆ ಇಟ್ಕೊಂಡೆ. ಗಿಬ್ಸ್ 945 ಗಜ, 10 ಟಚ್‌ಡೌನ್ ಓಡಿದಾನೆ. ಮಾಂಟ್ಗಮರಿ 1015 ಗಜ, 13. ಇಬ್ಬರೂ ಒಟ್ಟಿಗೆ ಇದ್ದಿದ್ದಕ್ಕೇ ಇಬ್ಬರೂ ಚೆನ್ನಾಗಿ ಆಡಿದ್ರು, ಒಬ್ಬ ಗುದ್ದಿ ಗುದ್ದಿ ಸುಸ್ತು ಮಾಡ್ತಾನೆ, ಇನ್ನೊಬ್ಬ ಸಂದೀಲಿ ನುಗ್ತಾನೆ. ಲಪೋರ್ಟಾ 86 ಕ್ಯಾಚು, ಮೊದಲ ವರ್ಷದ ಟೈಟ್ ಎಂಡ್‌ಗಳ ಹಳೇ ಲೀಗ್ ದಾಖಲೆ ಮುರಿದ. ಜ್ಯಾಕ್ ಕ್ಯಾಂಪ್‌ಬೆಲ್ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ, ಓಟ ತಡೆಯೋದ್ರಲ್ಲಿ ಪರವಾಗಿಲ್ಲ, ಪಾಸ್ ಬಂದಾಗ ತಡವರಿಸ್ತಾನೆ, 18ನೇ ಪಿಕ್ಕಿಗೆ ಇದು ಸಾಲದು, ಇನ್ನೊಂದು ವರ್ಷ ನೋಡಿ ಮಾರ್ಕ್ಸ್ ತಿದ್ತೀನಿ.

ಜನವರಿ 14ರ ರಾತ್ರಿ ಮಾತ್ರ ಮರೆಯಲ್ಲ. ನಮ್ಮ ಸ್ಟೇಡಿಯಂ ಫೋರ್ಡ್ ಫೀಲ್ಡ್‌ಗೆ ಸ್ಟ್ಯಾಫರ್ಡ್‌ನೇ ರ‍್ಯಾಮ್ಸ್ ಜೊತೆ ಬಂದ, 24-23ಕ್ಕೆ ನಾವು ಗೆದ್ವಿ, 1992ರ ಜನವರಿ ಆದ್ಮೇಲೆ ಮೊದಲನೇ ಪ್ಲೇಆಫ್ ಗೆಲುವು. ಇಡೀ ಸ್ಟೇಡಿಯಂ ಜ್ಯಾರೆಡ್ ಗಾಫ್ ಹೆಸರು ಕೂಗ್ತಿತ್ತು, ಯಾರನ್ನ ರ‍್ಯಾಮ್ಸ್ ಬೇಡ ಅಂತ ಕೊಟ್ಟಿದ್ರೋ ಅವನ ಹೆಸರು. ಪಕ್ಕದ ಸೀಟಿನ ಹಿರಿಯರು ಮಾರನೇ ದಿನ ಆಫೀಸಿಗೆ ಬಂದು ಏನೂ ಹೇಳದೆ ನನ್ನ ಕೈ ಹಿಡ್ಕೊಂಡು ನಿಂತ್ರು.

ಈಗ 2024ರ ಶೀಟು. ಸರದಿ 29. ಕಾರ್ನರ್ ಬೇಕೇ ಬೇಕು, ಇದಕ್ಕೆ ಕಾಲಂ ನೋಡೋ ಅಗತ್ಯ ಇಲ್ಲ, ಪಾಸ್ ಮೇಲೆ ಪಾಸ್ ತಿಂದಿದೀವಿ. ಅಲಬಾಮಾದ ಟೆರಿಯನ್ ಆರ್ನಲ್ಡ್ ಮೊದಲನೇ ಸಾಲಲ್ಲಿದಾನೆ, ಎರಡು ಮ್ಯಾಚ್ ನೋಡಿದೀನಿ, 29ರವರೆಗೆ ಉಳಿಯಲ್ಲ ಅನ್ಸುತ್ತೆ, ಹೋಮ್ಸ್ ಹತ್ತಬೇಕಾಗುತ್ತೆ, ಎಷ್ಟು ಪಾಯಿಂಟ್ ಕೊಡಬೇಕು ಅಂತ ಪಕ್ಕದಲ್ಲೇ ಬರ್ದಿಟ್ಟಿದೀನಿ. ಈ ಸಲ ಡ್ರಾಫ್ಟ್ ಡೆಟ್ರಾಯಿಟಲ್ಲೇ, ಡೌನ್‌ಟೌನಲ್ಲಿ, ನಮ್ಮನೆಯಿಂದ ನಲವತ್ತು ನಿಮಿಷ. ಏಪ್ರಿಲ್ 25, 26 ಎರಡು ದಿನಕ್ಕೂ ರಜಾ ಹಾಕಿ ಆಯ್ತು. ಮಿರ್ಚಿ ಬಿಟ್ಟು ಎದ್ದುಹೋಗಿದ್ದ ಗೆಳೆಯ ನಿನ್ನೆ ಫೋನ್ ಮಾಡಿ ಕಾರು ನಾನೇ ತರ್ತೀನಿ ಅಂದ.