"ಇದು ಒರಿಜಿನಲ್ಲಾ?" ಅಂತ ಕೇಳುವವರಿಗೆ

ಅಲ್ಲ.

ನನ್ನ ಆಟದ ಪುಟ್ಟ ಸಿಪಾಯಿಗಳನ್ನು ಕಂಡು ಕೇಳುವ ಈ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ. "ಮತ್ತೆ ಡೂಪ್ಲಿಕೇಟಾ?" ಅಂತಾರೆ. ಅದೂ ಅಲ್ಲ ಅಂದರೆ, "ಹಾಗಿದ್ರೆ ಇದನ್ನಿಟ್ಟು ಆಡೋಕೆ ಬಿಡ್ತಾರಾ?" ಅಂತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅಂತೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಆಡುವುದು ಮೇಜಿನ ಮೇಲಿನ ಯುದ್ಧದಾಟ. 3 ಸೆಂಟಿಮೀಟರ್ ಎತ್ತರದ ಸಿಪಾಯಿಗಳ ಪಡೆ, ಅಳೆಯಲು ಟೇಪು, ಒಂದಷ್ಟು ದಾಳ, ನಿಯಮದ ಪುಸ್ತಕ. ಈ ಸಿಪಾಯಿಗಳಿಗೆ ಮಿನಿಯೇಚರ್ ಅಂತ ಹೆಸರು, ನಾವು ಮಿನಿ ಅಂತೀವಿ. ಬಿಡಿಬಿಡಿಯಾಗಿ ಬರುತ್ತವೆ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಮೇಜಿಗೆ ತರಬೇಕು. ದೊಡ್ಡ ಆಟಗಳಲ್ಲಿ ನಿಯಮ ಬರೆದ ಕಂಪನಿಯೇ ಮಿನಿಗಳನ್ನೂ ಮಾರುತ್ತದೆ. ಅವುಗಳ ಜಾಗದಲ್ಲಿ ಬೇರೆಯವರು ಮಾಡಿದ ಮಿನಿ ಇಟ್ಟರೆ ಅದು ಪ್ರಾಕ್ಸಿ. ನನ್ನ ಪಡೆಗಳಲ್ಲಿ ಅರ್ಧಕ್ಕರ್ಧ ಪ್ರಾಕ್ಸಿಗಳೇ.

ಒಂದು ಸಲ ಆಟಕ್ಕೆ ಮುಂಚೆ ಪಡೆ ಜೋಡಿಸಿಟ್ಟು ನೀರು ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಒಬ್ಬರು ನನ್ನ ಕುಳ್ಳರ ನಾಯಕನನ್ನು ಕೈಗೆತ್ತಿಕೊಂಡು ನಿಂತಿದ್ದರು. ಆ ನಾಯಕನ ಗಡ್ಡ ನಾನೇ ಮಾಡಿದ್ದು. ಗ್ರೀನ್ ಸ್ಟಫ್ ಅಂತ ಒಂದು ಪುಟ್ಟಿ ಸಿಗುತ್ತದೆ. ಒಂದು ಪಟ್ಟಿ ಹಳದಿ, ಒಂದು ಪಟ್ಟಿ ನೀಲಿ. ಎರಡನ್ನೂ ಸಮನಾಗಿ ಹಿಸುಕಿದರೆ ಹಸಿರಾಗುತ್ತದೆ, ಆಮೇಲೆ ಮೆಲ್ಲಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಸಬೇಕು. ಸೂಜಿಯನ್ನು ಮತ್ತೆ ಮತ್ತೆ ನೀರಿಗೆ ಅದ್ದಬೇಕು, ಇಲ್ಲದಿದ್ದರೆ ಪುಟ್ಟಿ ಸೂಜಿಗೇ ಅಂಟಿಕೊಂಡು ಬರುತ್ತದೆ. ಹಾಗೆ ಒಂದೊಂದೇ ಕೂದಲು ಗೀರಿ ಗಡ್ಡ ಮಾಡಿದ್ದೆ. ಗಡ್ಡದ ತುದಿಗೆ ಎರಡು ಜಡೆ. ಎಡಗಡೆಯದು ಸ್ವಲ್ಪ ಗಿಡ್ಡ, ಅಲ್ಲಿಗೆ ಬರುವಷ್ಟರಲ್ಲಿ ಪುಟ್ಟಿ ಬಿಗಿಯಾಗಿತ್ತು.

ಅವರು ಗಡ್ಡ ನೋಡಲಿಲ್ಲ. ಮಿನಿಯನ್ನು ತಲೆಕೆಳಗು ಮಾಡಿ ತಳ ನೋಡಿದರು. ಕಂಪನಿಯ ಹೆಸರು ಅಚ್ಚಾಗಿದೆಯಾ ಅಂತ. ಇರಲಿಲ್ಲ. "ಒರಿಜಿನಲ್ ಅಲ್ಲ" ಅಂತ ಪಕ್ಕದವರಿಗೆ ಹೇಳಿ ಕೆಳಗಿಟ್ಟರು. ಇಡುವಾಗ ಕೊಡಲಿ ಮೇಜಿಗೆ ತಗುಲಿ ತುದಿ ಮುರಿಯಿತು. ಕೊಡಲಿಯನ್ನು ಆಮೇಲೆ ಸರಿಮಾಡಿದೆ. ಆ ಮಾತು ಮಾತ್ರ ಇನ್ನೂ ಚುಚ್ಚುತ್ತದೆ. ಯಾಕೆಂದರೆ ಆ ಮೇಜಿನ ಮೇಲೆ ಅವನಂಥವನು ಇನ್ನೊಬ್ಬ ಇರಲಿಲ್ಲ. ಇಡೀ ಲೋಕದಲ್ಲೇ ಇರಲಿಲ್ಲ. ಅದಕ್ಕಿಂತ ಒರಿಜಿನಲ್ ಏನು ಬೇಕು?

ಅಷ್ಟಕ್ಕೂ ಆ ಕುಳ್ಳರನ್ನು ಕಂಪನಿಯಿಂದ ಕೊಳ್ಳೋಣ ಅಂದರೆ ಸಿಗುತ್ತಲೇ ಇರಲಿಲ್ಲ. ಗೇಮ್ಸ್ ವರ್ಕ್‌ಶಾಪ್ ಅನ್ನುವ ಕಂಪನಿಯ ವಾರ್‌ಹ್ಯಾಮರ್ 40,000, ಅಂದರೆ ಅಂತರಿಕ್ಷದ ಯುದ್ಧದಾಟ, ಶುರುವಾದದ್ದು 1987ರಲ್ಲಿ. ಮೊದಲ ವರ್ಷಗಳಲ್ಲಿ ಸ್ಕ್ವಾಟ್ಸ್ ಅಂತ ಅಂತರಿಕ್ಷದ ಕುಳ್ಳರ ಪಡೆ ಒಂದಿತ್ತು. 1990ರ ದಶಕದಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಅದೇ ಕುಳ್ಳರು ಲೀಗ್ಸ್ ಆಫ್ ವೋಟಾನ್ ಅನ್ನುವ ಹೊಸ ಹೆಸರಲ್ಲಿ ವಾಪಸ್ ಬಂದದ್ದು 2022ರಲ್ಲಿ. ನಡುವೆ ಇಷ್ಟೊಂದು ವರ್ಷ ಅವರನ್ನು ಇಷ್ಟಪಟ್ಟವರು ಏನು ಮಾಡಬೇಕಿತ್ತು? ಸಣ್ಣ ಸಣ್ಣ ತಯಾರಕರು ಗಡ್ಡದ ಕುಳ್ಳರ ಕೈಗೆ ಬಂದೂಕು ಕೊಟ್ಟು ಮಾಡುತ್ತಲೇ ಇದ್ದರು. ನಾನು ಅವರನ್ನು ತಂದು, ಬೇರೊಂದು ಪಡೆಯ ನಿಯಮ ಹಾಕಿಕೊಂಡು ಆಡಿದೆ. ಕಂಪನಿ ಬಿಟ್ಟುಕೊಟ್ಟಿದ್ದನ್ನು ಜೀವಂತ ಇಟ್ಟವರು ಈ "ಒರಿಜಿನಲ್ ಅಲ್ಲದ" ಮಿನಿ ಮಾಡಿದವರು. ನನಗೆ ಅವರ ಮೇಲೆ ತುಂಬಾ ಗೌರವ ಇದೆ.

ಇನ್ನೂ ಹಿಂದಕ್ಕೆ ಹೋಗಿ ನೋಡಿ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್ವಿಟ್ಸ್ ತನ್ನ ಯುದ್ಧದಾಟದ ನಿಯಮ ಪ್ರಕಟಿಸಿದಾಗ ನಕ್ಷೆಯ ಮೇಲೆ ಸರಿಯುತ್ತಿದ್ದದ್ದು ಕೆಂಪು, ನೀಲಿ ಬಿಲ್ಲೆಗಳು. ಆ ಬಿಲ್ಲೆಗೆ ಮುಖವೂ ಇಲ್ಲ, ಕೈಯೂ ಇಲ್ಲ. ಆದರೂ ಅದು ಒಂದು ತುಕಡಿ ಅಂತ ಇಬ್ಬರಿಗೂ ಗೊತ್ತಿತ್ತು. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಬರೆದಾಗ ನೆಲದ ಮೇಲೆ ನಿಲ್ಲಿಸಿದ್ದು ಮಕ್ಕಳ ಆಟಿಕೆಯ ಸಿಪಾಯಿಗಳನ್ನು. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ, ಪಾತ್ರ ವಹಿಸಿ ಆಡುವ ಆಟದ ರಾಕ್ಷಸ ಪ್ರಾಣಿಗಳಾದ ಔಲ್‌ಬೇರ್, ರಸ್ಟ್ ಮಾನ್‌ಸ್ಟರ್ ಎರಡೂ ಹುಟ್ಟಿದ್ದು ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಚೀಲದಿಂದ. ಯಾವ ಪ್ರಾಣಿ ಅಂತ ಗುರುತೇ ಸಿಗದ ಆಟಿಕೆಗಳನ್ನು ಮೇಜಿಗೆ ತಂದರು, ಆಮೇಲೆ ಅವಕ್ಕೆ ನಿಯಮ ಬರೆದರು. ಮೊದಲು ಗೊಂಬೆ, ಆಮೇಲೆ ಪುಸ್ತಕ! 40,000ಕ್ಕಿಂತ ಮುಂಚೆ, 1983ರಲ್ಲಿ ಮೊದಲ ವಾರ್‌ಹ್ಯಾಮರ್ ಬಂದಾಗಲೂ ಜನ ತಮ್ಮ ಹತ್ತಿರ ಆಗಲೇ ಇದ್ದ ಮಿನಿಗಳನ್ನು ಇಟ್ಟೇ ಆಡಿದರು. 1980ರ ದಶಕದಲ್ಲಿ ಅದೇ ಕಂಪನಿಯ 'ವೈಟ್ ಡ್ವಾರ್ಫ್' ಪತ್ರಿಕೆ ಡಿಯೋಡರೆಂಟ್ ಡಬ್ಬಿಯಿಂದ ಹಾರುವ ಟ್ಯಾಂಕ್ ಮಾಡುವುದನ್ನು ಓದುಗರಿಗೆ ಹೇಳಿಕೊಟ್ಟಿತ್ತು. ಆ ಟ್ಯಾಂಕಿನ ತಳ ತಿರುಗಿಸಿ ನೋಡಿದರೆ ಯಾವ ಕಂಪನಿಯ ಹೆಸರು ಕಾಣುತ್ತಿತ್ತು?

ಮತ್ತೆ ಗಾಳಿ ಬದಲಾದದ್ದು ಯಾವಾಗ? ಒಂದು ತಿರುವು ನನಗೆ ಸ್ಪಷ್ಟವಾಗಿ ಕಾಣುತ್ತದೆ. 2010ರ ಕೊನೆಗೆ ಗೇಮ್ಸ್ ವರ್ಕ್‌ಶಾಪ್ ಅಮೆರಿಕದಲ್ಲಿ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಅನ್ನುವ ಪುಟ್ಟ ತಯಾರಕರ ಮೇಲೆ ಕೇಸು ಹಾಕಿತು. ಅವರು ಹೆಚ್ಚಾಗಿ ಮಾರುತ್ತಿದ್ದದ್ದು ಬಿಡಿಭಾಗ. ಭುಜದ ಕವಚ, ತಲೆ, ಆಯುಧ, ಇಂಥವು. 2013ರಲ್ಲಿ ಜ್ಯೂರಿ ಕೊಟ್ಟ ತೀರ್ಪಿನಲ್ಲಿ ಕೆಲವು ಆರೋಪ ನಿಂತವು, ಕೆಲವು ಬಿದ್ದವು. ಪರಿಹಾರ 25,000 ಡಾಲರ್. ಅದಾದ ಮೇಲೆ ಕಂಪನಿ ತಾನು ಮಾರದ ಮಿನಿಗೆ ನಿಯಮ ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿತು. ಮುಂಚೆ ಪುಸ್ತಕದಲ್ಲಿ ಒಬ್ಬ ವೀರನ ನಿಯಮ ಇರುತ್ತಿತ್ತು, ಮಿನಿ ಮಾತ್ರ ಇರುತ್ತಿರಲಿಲ್ಲ. ನೀವೇ ಮಾಡಿಕೊಳ್ಳಬೇಕಿತ್ತು. ಆ ಖಾಲಿ ಜಾಗದಲ್ಲಿ ಎಷ್ಟು ಜನ ಕೈಕೆಲಸ ಕಲಿತರು! ಅದು ಹೋದದ್ದಕ್ಕೆ ನನಗೆ ನಿಜವಾಗಿ ಬೇಸರ ಇದೆ.

"ಡೂಪ್ಲಿಕೇಟಾ?" ಅನ್ನುವವರಿಗೆ ಒಂದು ಮಾತು. ಡೂಪ್ಲಿಕೇಟ್ ಅನ್ನುವುದು ಇದೆ, ಅದಕ್ಕೆ ರೀಕಾಸ್ಟ್ ಅಂತಾರೆ. ಒಬ್ಬರು ಕೆತ್ತಿದ ಮಿನಿಯನ್ನು ತಂದು, ಅದರ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದು, ರೆಸಿನ್ ತುಂಬಿ ನೂರಾರು ಮಾಡಿ ಮಾರುವುದು. ಅದು ಕಳ್ಳತನ. ನಾನು ಕೊಳ್ಳುವುದಿಲ್ಲ, ಕೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ. ಕದ್ದದ್ದು ದೊಡ್ಡ ಕಂಪನಿಯದಾದರೂ ಅಷ್ಟೇ, ಒಬ್ಬಂಟಿ ಶಿಲ್ಪಿಯದಾದರೂ ಅಷ್ಟೇ. ಮನೆಯಲ್ಲಿ 3ಡಿ ಪ್ರಿಂಟ್ ಮಾಡುವುದಾದರೆ ಶಿಲ್ಪಿಯಿಂದಲೇ ಫೈಲ್ ಕೊಳ್ಳುತ್ತೇನೆ. ನಮ್ಮ ಬಳಕೆಗೆ ಅಂತ ಕೊಟ್ಟ ಫೈಲನ್ನು ಪ್ರಿಂಟ್ ಹಾಕಿ ಮಾರುವುದೂ ತಪ್ಪೇ. ಆದರೆ ತನ್ನ ಕೈಯಾರೆ ಬೇರೆಯದೇ ಕುಳ್ಳನನ್ನು ಕೆತ್ತಿದವರನ್ನು ಈ ಕಳ್ಳರ ಜೊತೆ ಒಂದೇ ಮಾತಿನಲ್ಲಿ ಕಟ್ಟಿಹಾಕುತ್ತೀರಲ್ಲ, ಅದಕ್ಕೇ ನನಗೆ ಸಿಟ್ಟು ಬರುವುದು.

"ಆಡೋಕೆ ಬಿಡ್ತಾರಾ?" ಬಿಡುವ ಕಡೆ ಬಿಡುತ್ತಾರೆ. ಗೇಮ್ಸ್ ವರ್ಕ್‌ಶಾಪ್ ತನ್ನ ಅಂಗಡಿ, ತನ್ನ ಟೂರ್ನಮೆಂಟುಗಳಲ್ಲಿ ತನ್ನದೇ ಮಿನಿ ಕೇಳುತ್ತದೆ. ಅವರ ಮನೆ, ಅವರ ನಿಯಮ. ಅಲ್ಲಿಗೆ ಕುಳ್ಳರನ್ನು ಕರೆದುಕೊಂಡು ಹೋಗುವುದಿಲ್ಲ. ಬೇರೆ ಕಡೆ ನಡೆಸುವವರಿಗೆ ಮುಂಚೆಯೇ ಫೋಟೋ ಕಳಿಸಿ ಕೇಳುತ್ತೇನೆ. ಫ್ರಾಸ್ಟ್‌ಗ್ರೇವ್‌ನಂಥ ಆಟಗಳಲ್ಲಿ ಈ ಪ್ರಶ್ನೆಯೇ ಇಲ್ಲ, ಯಾವ ಮಿನಿಯಾದರೂ ನಡೆಯುತ್ತದೆ. ಇತಿಹಾಸದ ಯುದ್ಧ ಆಡುವವರಂತೂ ಇದನ್ನು ಕೇಳಿದ್ದೇ ನಾನು ನೋಡಿಲ್ಲ. ರೋಮನ್ ಸಿಪಾಯಿಗೆ ಯಾರು ಮಾಲೀಕರು? 1990ರಲ್ಲಿ ಬಂದ ಡಿಬಿಎ ಆಟದಲ್ಲಿ 15 ಮಿಲಿಮೀಟರ್ ಮಿನಿಗಳ ಬೇಸು, ಅಂದರೆ ಅವನ್ನು ಅಂಟಿಸಿ ನಿಲ್ಲಿಸುವ ತಳದ ಬಿಲ್ಲೆ, 40 ಮಿಲಿಮೀಟರ್ ಅಗಲ ಇರಬೇಕು. ಅದರ ಮೇಲೆ ನಿಂತವರು ಯಾರ ಕಾರ್ಖಾನೆಯವರು ಅಂತ ಯಾರಿಗೆ ಬೇಕು?

ಈ ಅಗಲದ ವಿಷಯ ಬಂತಲ್ಲ, ಅದೇ ನನಗೆ ಮುಖ್ಯ. ಜನ ಕೇಳಬೇಕಾದ ಪ್ರಶ್ನೆ ಇದಕ್ಕೆ ಹತ್ತಿರದ್ದು. ಅದನ್ನು ನನಗೆ ಒಬ್ಬರು ಕೇಳಿದ್ದಾರೆ. ಅವರು ಕೇಳುವಷ್ಟರಲ್ಲಿ ತಡವಾಗಿತ್ತು, ತಪ್ಪು ನನ್ನದು.

ಅವತ್ತು ನನ್ನ ಪಡೆಯಲ್ಲಿ ಇದ್ದವರೆಲ್ಲ ಕಂಪನಿಯವರೇ. ವಾರ್‌ಹ್ಯಾಮರ್ 40,000ದ ಸ್ಪೇಸ್ ಮರೀನ್‌ಗಳು, ಅಂದರೆ ಕವಚ ತೊಟ್ಟ ಅಂತರಿಕ್ಷದ ಸಿಪಾಯಿಗಳು. ಯಾರು ಬೇಕಾದರೂ ತಳ ತಿರುಗಿಸಿ ನೋಡಬಹುದಿತ್ತು. ಒಂದು ತುಕಡಿಯಲ್ಲಿ ಇಬ್ಬರ ಕೈಲಿ ಫ್ಲೇಮರ್ ಇತ್ತು, ಅಂದರೆ ಬೆಂಕಿ ಉಗುಳುವ ಆಯುಧ. ಯಾರ ಕೈಲಿ ಏನಿದೆ ಅಂತ ಬರೆಯುವ ಪಡೆಯ ಪಟ್ಟಿಯಲ್ಲಿ ಮಾತ್ರ ನಾನು ಮೆಲ್ಟಾ ಅಂತ ಬರೆದಿದ್ದೆ. ಫ್ಲೇಮರ್ ಕಾಲಾಳುಗಳಿಗೆ ಕಾಟ ಕೊಡುತ್ತದೆ, ಟ್ಯಾಂಕಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಮೆಲ್ಟಾ ಇರುವುದೇ ಟ್ಯಾಂಕನ್ನು ಕರಗಿಸಲು. ಮೆಲ್ಟಾ ತಲುಪುವ ದೂರ 12 ಇಂಚು. ಸಿಪಾಯಿ 6 ಇಂಚು ನಡೆದು ಹಾರಿಸಬಹುದು. ಒಟ್ಟು 18 ಇಂಚಿನೊಳಗೆ ಬಂದ ಟ್ಯಾಂಕಿಗೆ ಅಪಾಯ. ಆಟ ಶುರುವಾಗುವಾಗ ಒಂದು ಸಲ ಹೇಳಿದ್ದೆ: "ಇವೆರಡು ಫ್ಲೇಮರ್ ಅಲ್ಲ, ಮೆಲ್ಟಾ ಅಂತ ಇಟ್ಕೊಳ್ಳಿ." ಎದುರು ಆಡುತ್ತಿದ್ದವರು ಹೂಂ ಅಂತ ತಲೆಯಾಡಿಸಿದ್ದರು.

ಮೂರನೇ ಟರ್ನ್‌ನಲ್ಲಿ ಅವರು ಟ್ಯಾಂಕನ್ನು ಆ ಇಬ್ಬರ ಮುಂದೆ, 10 ಇಂಚಿನಲ್ಲಿ ತಂದು ನಿಲ್ಲಿಸಿದರು. ತುಂಬಾ ಯೋಚನೆ ಮಾಡಿ, ಟೇಪು ಹಿಡಿದು, ಒಂದು ಗೋಡೆಯ ಮರೆ ನೋಡಿಕೊಂಡು ನಿಲ್ಲಿಸಿದರು. ನಾನು ದಾಳ ಎತ್ತಿಕೊಂಡು "ಮೆಲ್ಟಾ" ಅಂದೆ. ಅವರು ಬಗ್ಗಿ, ನನ್ನ ಸಿಪಾಯಿಯ ಕೈಯನ್ನೇ ನೋಡುತ್ತಾ ಕೇಳಿದರು: "ಇವರ ಕೈಲಿರೋದು ಏನು ಅಂದ್ರಿ?"

"ಮೆಲ್ಟಾ. ಮೊದಲೇ ಹೇಳಿದ್ನಲ್ಲಾ."

"ಹೌದು, ಹೇಳಿದ್ರಿ. ನಾನೇ ಮರ್ತೆ."

ಟ್ಯಾಂಕನ್ನು ಎತ್ತಿ ಡಬ್ಬಿಗೆ ಹಾಕಿದರು. ಜಗಳ ಇಲ್ಲ, ಗೊಣಗಾಟ ಇಲ್ಲ. ಆಟ ನಾನೇ ಗೆದ್ದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಅವರು ಮರೆತರು ನಿಜ. ಆದರೆ ಕಣ್ಣೆದುರು ಮೂರು ಟರ್ನ್ ಪೂರ್ತಿ ಫ್ಲೇಮರ್ ಕಾಣುತ್ತಿದ್ದರೆ ಯಾರಿಗೆ ನೆನಪಿರುತ್ತದೆ? ಕಿವಿಗೆ ಒಂದು ಸಲ ಹೇಳಿದ್ದನ್ನು ಕಣ್ಣು ಪದೇ ಪದೇ ಅಳಿಸಿಹಾಕುತ್ತದೆ. ಆ ದಿನ ನನ್ನ ಮಿನಿಗಳು ಸುಳ್ಳು ಹೇಳಿದವು. ಒಂದೊಂದೂ ಒರಿಜಿನಲ್. ಅವತ್ತು "ಇದು ಒರಿಜಿನಲ್ಲಾ?" ಅಂತ ಯಾರೂ ಕೇಳಲಿಲ್ಲ.

ಅದಕ್ಕೇ ಈಗ ನನಗೆ ಈ ಪ್ರಶ್ನೆ ಕಂಡರೆ ಆಗುವುದಿಲ್ಲ. ಕೇಳುವುದಿದ್ದರೆ ಇವನ ಕೈಲಿ ಏನಿದೆ ಅಂತ ಕೇಳಿ. ಇವನು ನಿಂತ ಬೇಸು ಎಷ್ಟಗಲ ಅಂತ ಕೇಳಿ. ಈ ಆಟದಲ್ಲಿ ದೂರ ಅಳೆಯುವುದು ಬೇಸಿನ ಅಂಚಿನಿಂದ. 32 ಮಿಲಿಮೀಟರ್ ಬೇಸಿನ ಮೇಲೆ ಇರಬೇಕಾದವನನ್ನು 25ರ ಮೇಲೆ ನಿಲ್ಲಿಸಿದರೆ ಅದೇ ಜಾಗದಲ್ಲಿ ಜಾಸ್ತಿ ಜನ ನುಗ್ಗಿ ಹೊಡೆಯಬಹುದು. ಅದು ಮೋಸ, ಮಿನಿ ಯಾರದ್ದೇ ಆಗಿರಲಿ. ಎತ್ತರ ಕೇಳಿ. ಮಿನಿಯ ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಗುಂಡು ಹಾರಿಸಬಹುದು ಅನ್ನುವ ಆಟದಲ್ಲಿ, ಎದ್ದು ನಿಲ್ಲಬೇಕಾದ ರಾಕ್ಷಸನನ್ನು ಮಲಗಿಸಿ ಅಂಟಿಸಿದರೆ ಅವನು ಗೋಡೆಯ ಹಿಂದೆ ಸುಲಭವಾಗಿ ಅಡಗುತ್ತಾನೆ. ನನ್ನ ಕುಳ್ಳರು ಗಿಡ್ಡ. ಅದಕ್ಕೇ ಅವರನ್ನು ಕಲ್ಲಿನ ದಿಬ್ಬದ ಮೇಲೆ ನಿಲ್ಲಿಸಿದ್ದೇನೆ, ಆ ನಿಯಮದ ಸಿಪಾಯಿ ಎಷ್ಟೆತ್ತರವೋ ಅಷ್ಟೆತ್ತರ ಬರುವ ಹಾಗೆ. ತಳ ನೋಡಿದವರು ಆ ದಿಬ್ಬವನ್ನೂ ನೋಡಲಿಲ್ಲ.

ಆ ಸೋತವರ ಜೊತೆ ಮತ್ತೆ ಆಡುವ ಮುಂಚೆ ಫ್ಲೇಮರ್‌ಗಳನ್ನು ಕಿತ್ತೆ. ಸಣ್ಣ ಗರಗಸದಿಂದ ಮಣಿಕಟ್ಟಿನ ಹತ್ತಿರ ಕೊಯ್ದು, ಬೇರೆ ತಯಾರಕರ ರೆಸಿನ್ ಆಯುಧ ಅಂಟಿಸಿದೆ. ದಪ್ಪ ಮೂತಿ, ಮೂತಿಯ ಸುತ್ತ ತೂತು, ದೂರದಿಂದಲೇ ಮೆಲ್ಟಾ ಅಂತ ಗೊತ್ತಾಗುತ್ತದೆ. ರೆಸಿನ್ ಉಜ್ಜಿದ ಪುಡಿ ಉಸಿರಿಗೆ ಹೋಗಬಾರದು, ಅದಕ್ಕೆ ಒದ್ದೆ ಮಾಡಿಕೊಂಡೇ ಉಜ್ಜಿದೆ. ಆಮೇಲೆ ಇಬ್ಬರ ಆಯುಧದ ತುದಿಗೂ ಕಿತ್ತಳೆ ಬಣ್ಣ ಹಚ್ಚಿದೆ. ನನ್ನ ಪಡೆಯಲ್ಲಿ ಈಗ ಕಿತ್ತಳೆ ಅಂದರೆ ಮೆಲ್ಟಾ ಮಾತ್ರ. ಬೇರೆ ಯಾವುದಕ್ಕೂ ಆ ಬಣ್ಣ ಮುಟ್ಟಿಸುವುದಿಲ್ಲ.

ಮುಂದಿನ ಆಟಕ್ಕೆ ಅವರು ಬಂದರು. ನಾನು ಏನನ್ನೂ ಹೇಳುವ ಮುಂಚೆಯೇ ಬಗ್ಗಿ ನೋಡಿದರು. "ಓ, ಮೆಲ್ಟಾ ಹಾಕ್ಸಿದೀರಾ" ಅಂದರು. ಎರಡನೇ ಟರ್ನ್‌ನಲ್ಲಿ ಅದೇ ಟ್ಯಾಂಕು ಅದೇ ಗೋಡೆಯ ಕಡೆಗೆ ಹೊರಟಿತು. ಅವರು ಟೇಪು ಎಳೆದರು, ಕಿತ್ತಳೆ ತುದಿಯನ್ನು ಇನ್ನೊಮ್ಮೆ ನೋಡಿದರು. ಟ್ಯಾಂಕು 19 ಇಂಚು ದೂರದಲ್ಲಿ ನಿಂತಿತು.