ಮಗಳ ಹುಟ್ಟುಹಬ್ಬ

ಇವತ್ತು ಮಗಳ ಹುಟ್ಟುಹಬ್ಬ. ಬೆಳಿಗ್ಗೆ ಫೋನ್ ಮಾಡಿದರೆ, "ಮೀಟಿಂಗ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಮ್ಮಾ" ಅಂದಳು.

ಇದೇ ಹುಡುಗಿ ಒಂದು ಕಾಲದಲ್ಲಿ ನನ್ನನ್ನು ನೆಮ್ಮದಿಯಾಗಿ ಸ್ನಾನಕ್ಕೂ ಬಿಡುತ್ತಿರಲಿಲ್ಲ. ಬಾಗಿಲ ಹೊರಗೆ ಬೋರಲು ಮಲಗಿ, ಕೆಳಗಿನ ಸಂದಿಯಿಂದ ಬೆರಳು ತೂರಿಸಿ, "ಅಮ್ಮಾ, ಇದೀಯಾ?" ಅಂತ ಕೇಳುತ್ತಿದ್ದಳು. ಇದೀನಿ ಅಂದರೆ ಸಾಲದು, ಬೆರಳು ಮುಟ್ಟಿ ತೋರಿಸಬೇಕು. ಉಗುರಿನ ಸಂದಿಯಲ್ಲಿ ಯಾವಾಗಲೂ ಕ್ರೆಯಾನ್ ಬಣ್ಣ. ಒದ್ದೆ ಕೈಯಲ್ಲಿ ಮುಟ್ಟಿದರೆ ಕಿಲಕಿಲ ನಗು. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ.

ಹೇಳಿದರೆ ಈಗ ನಂಬುವುದಿಲ್ಲ. ತಪ್ಪೇನಿಲ್ಲ ಬಿಡಿ. 3 ವರ್ಷಕ್ಕೆ ಮುಂಚಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ಅಂದರೆ ಅವಳ ಬದುಕಿನ ಶುರುವಿನ ಭಾಗ ಪೂರ್ತಿ ನಮ್ಮಿಬ್ಬರ ಹತ್ತಿರವೇ ಇದೆ, ಅಲ್ವಾ? ಅವರಪ್ಪನಿಗೆ ಅರ್ಧ ಮರೆತಿದೆ, ಆ ಮಾತು ಬೇರೆ.

ಫೋಟೋ ಇದೆಯಲ್ಲ ಅಂತೀರಾ? ಕ್ಯಾಮೆರಾ ಮುಂದೆ ಅವಳು ಒಂದು ಸಲವೂ ಸುಮ್ನೆ ನಿಂತವಳಲ್ಲ. ಎಲ್ಲದರಲ್ಲೂ ಅರ್ಧ ಮುಖ, ಒಂದು ಜುಟ್ಟು, ಓಡುವ ಕಾಲು. ಅದರಲ್ಲೇ ಜಾಸ್ತಿ ಕೆಟ್ಟದಾಗಿ ಬಂದಿರುವುದನ್ನು ಹುಡುಕಿ ಇಲ್ಲಿ ಹಾಕಿದ್ದೀನಿ. ಬೈದರೆ ಬೈಯಲಿ.