ಗ್ಯಾರಾರ್ಡ್ 301 ಮತ್ತು ಹೊಸ ಟೆಕ್ನಿಕ್ಸ್: ತಂಬೂರಿ ಹೇಳಿದ್ದು

ಚಿಕ್ಕಮಗಳೂರು
14 ಜುಲೈ 2024, ಭಾನುವಾರ

ಹಳೆಯ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸಿ ನುಡಿಸುವ ಯಂತ್ರ) ಮೇಲೋ ಹೊಸದು ಮೇಲೋ ಎಂದು ವಾದಿಸುವವರು ಬಹುಮಟ್ಟಿಗೆ ಎರಡು ಸೂಜಿಗಳನ್ನು ಹೋಲಿಸುತ್ತಿರುತ್ತಾರೆ ಎಂಬ ನನ್ನ ಅನುಮಾನ ಇಂದು ಗಟ್ಟಿಯಾಯಿತು. ಆಲ್ದೂರಿನ ಸಮೀಪ ದೊಡ್ಡಪ್ಪನವರ ತೋಟದ ಮನೆಯಲ್ಲಿ, ಅವರ ಹಳೆಯ ಗ್ಯಾರಾರ್ಡ್ 301ರ ಪಕ್ಕಕ್ಕೆ ನನ್ನ ಹೊಸ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ7 ಇಟ್ಟು, ಒಂದೇ ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರ್, ಒಂದೇ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬಳಸಿ ಕೇಳಿದೆವು. ಗ್ಯಾರಾರ್ಡಿಗೆ ಜೋಡಿಸಿರುವ, ಸೂಜಿಯನ್ನು ಹೊರುವ ಎಸ್‌ಎಂಇ ಕಂಪನಿಯ ತೋಳಿಗೂ ಟೆಕ್ನಿಕ್ಸಿನ ತೋಳಿಗೂ ಒಂದೇ ಬಗೆಯ ಹೆಡ್‌ಶೆಲ್ (ಕಾರ್ಟ್ರಿಜ್ಜನ್ನು ಹಿಡಿದಿಡುವ ಬಿಚ್ಚಬಲ್ಲ ತುದಿ) ಕೂರುತ್ತದೆ. ಆದರೆ ತೋಳುಗಳ ಅಳತೆ ಬೇರೆಯಾದ್ದರಿಂದ ಪ್ರತಿ ಸಲವೂ ಸೂಜಿಯ ಸ್ಥಾನವನ್ನು ಹೊಂದಿಸಿ, ಸೂಜಿ ರೆಕಾರ್ಡಿನ ಮೇಲೆ ಹಾಕುವ ಭಾರವನ್ನು 2 ಗ್ರಾಮಿಗೆ ತರಬೇಕಾಯಿತು. ಹಳೆಯ ಪ್ಲೇಯರುಗಳ ಇಂಪು ಎಂದು ನಾವು ಮೆಚ್ಚುವುದರಲ್ಲಿ ಬಹುಪಾಲು, ಮೇಲಿನ ಸ್ವರಗಳನ್ನು ಮೊಂಡಾಗಿಸುತ್ತಿದ್ದ ಹಳೆಯ ಸೆರಾಮಿಕ್ ಕಾರ್ಟ್ರಿಜ್ಜಿನ ಕೊಡುಗೆ ಎಂದು ನನಗೆ ಅನ್ನಿಸುತ್ತದೆ.

ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ತಯಾರಾಗುತ್ತಿದ್ದ 301 ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಇದರಲ್ಲಿ ಮೋಟಾರಿನ ಮೆಟ್ಟಿಲು ಪುಲ್ಲಿಯು ರಬ್ಬರ್ ಚಕ್ರವೊಂದನ್ನು ತಿರುಗಿಸುತ್ತದೆ, ಆ ಚಕ್ರವು ರೆಕಾರ್ಡ್ ಕೂರುವ ತಟ್ಟೆಯ ಒಳ ಅಂಚಿಗೆ ಒತ್ತಿಕೊಂಡು ತಟ್ಟೆಯನ್ನು ತಿರುಗಿಸುತ್ತದೆ. ಎಳೆತಕ್ಕೆ ಕೊರತೆಯಿಲ್ಲ, ಆದರೆ ಮೋಟಾರಿನ ಅದುರುವಿಕೆಯೂ ಅದೇ ಹಾದಿಯಲ್ಲಿ ಸೂಜಿಯವರೆಗೆ ಬರುತ್ತದೆ. 1970ರಲ್ಲಿ ಟೆಕ್ನಿಕ್ಸ್ ಎಸ್‌ಪಿ-10 ಎಂಬ ಟರ್ನ್‌ಟೇಬಲ್ ಚಕ್ರ, ಬೆಲ್ಟು ಎರಡನ್ನೂ ಬಿಟ್ಟು ತಟ್ಟೆಯನ್ನು ನೇರವಾಗಿ ಮೋಟಾರಿನ ಮೇಲೆಯೇ ಕೂರಿಸಿತು. 2019ರ ಎಂಕೆ7 ಅದೇ ವಂಶದ್ದು. ಅದರ ವೇಗವನ್ನು ಕ್ವಾರ್ಟ್ಜ್ ಹರಳು ಕಾಯುತ್ತದೆ.

ನಮ್ಮ ಸಂಗೀತಕ್ಕೆ ತಂಬೂರಿಗಿಂತ ಕಠಿಣವಾದ ಪರೀಕ್ಷೆಯಿಲ್ಲ. ವೇಗದಲ್ಲಿ ಶೇಕಡಾ 6ರಷ್ಟು ವ್ಯತ್ಯಾಸವಾದರೆ ಶ್ರುತಿ ಒಂದು ಸ್ವರಸ್ಥಾನವೇ ಸರಿದುಹೋಗುತ್ತದೆ. ಶೇಕಡಾ 1ರಷ್ಟು ಓಲಾಡಿದರೂ ಷಡ್ಜ ನಡುಗುವುದು ಕಿವಿಗೆ ತಿಳಿಯುತ್ತದೆ. ವೀಣೆಯ ಎಲ್‌ಪಿಯೊಂದರ (ನಿಮಿಷಕ್ಕೆ 33⅓ ಸುತ್ತಿನ ರೆಕಾರ್ಡ್) ಆರಂಭದ ಶ್ರುತಿಯನ್ನು ಎರಡರಲ್ಲೂ ಮತ್ತೆ ಮತ್ತೆ ಕೇಳಿದೆವು. ಟೆಕ್ನಿಕ್ಸಿನಲ್ಲಿ ಅದು ಕದಲಲಿಲ್ಲ, ಹಿಂದಿನ ಮೌನವೂ ಶುಭ್ರವಾಗಿತ್ತು. ಗ್ಯಾರಾರ್ಡಿನಲ್ಲಿ ಕೃತಿಗಳ ನಡುವಿನ ಬಿಡುವಿನಲ್ಲಿ ಸಣ್ಣ ಗುಡುಗುಡು ಕೇಳಿಸಿತು, ಆದರೆ ಷಡ್ಜ ಗಟ್ಟಿಯಾಗಿಯೇ ನಿಂತಿತು. ವೀಣೆಯ ಮೀಟಿಗೆ ಅಲ್ಲಿ ಹೆಚ್ಚು ಕಸುವಿತ್ತು. “ನಂಗಂತೂ ಇದೇ ಚೆಂದ ಕೇಳುತ್ತೆ ಕಣೋ” ಎಂದರು ದೊಡ್ಡಪ್ಪ. ಮೀಟಿನ ಮಟ್ಟಿಗೆ ನಾನೂ ಒಪ್ಪುತ್ತೇನೆ, ಆದರೆ ತೋಳುಗಳು ಬೇರೆಯಾಗಿರುವಾಗ ಅದರ ಶ್ರೇಯವನ್ನೆಲ್ಲ ರಬ್ಬರ್ ಚಕ್ರಕ್ಕೆ ಕೊಡಲಾರೆ.

ಸಂಜೆ ವೋಲ್ಟೇಜ್ ಇಳಿದಾಗ ವ್ಯತ್ಯಾಸ ಕಣ್ಣಿಗೂ ಕಂಡಿತು. ವೇಗ ಪರೀಕ್ಷಿಸುವ 180 ಗೆರೆಗಳ ಸ್ಟ್ರೋಬ್ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು 50 ಹರ್ಟ್ಜ್ ವಿದ್ಯುತ್ತಿನ ದೀಪದಡಿ ನೋಡಿದರೆ, ವೇಗ ಸರಿಯಾಗಿ 33⅓ ಸುತ್ತು ಇದ್ದಾಗ ಗೆರೆಗಳು ನಿಂತಂತೆ ತೋರುತ್ತವೆ. ಗ್ಯಾರಾರ್ಡಿನ ಮೇಲೆ ಅವು ಮೆಲ್ಲಗೆ ಹಿಂದಕ್ಕೆ ತೆವಳತೊಡಗಿದವು. ವೇಗ ಹೊಂದಿಸುವ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ನಿಂತವು. ಟೆಕ್ನಿಕ್ಸಿಗೆ ಈ ಉಪಚಾರ ಬೇಕಾಗಲಿಲ್ಲ. ಆದರೆ ಮಲೆನಾಡಿನ ಸಿಡಿಲಿಗೆ ಅದರ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟರೆ ಇಲ್ಲಿ ಸರಿಮಾಡಿಸುವುದು ಕಷ್ಟ. ಗ್ಯಾರಾರ್ಡ್ ಕೇಳುವುದು ಎಣ್ಣೆ, ಗ್ರೀಸು ಮತ್ತು ಗಡುಸಾದಾಗ ಹೊಸ ಚಕ್ರ; ಜೊತೆಗೆ, ಬಳಸದಿರುವಾಗ ಚಕ್ರವನ್ನು ಪುಲ್ಲಿಗೆ ಒತ್ತಿಕೊಂಡಿರಲು ಬಿಡಬಾರದು, ಬಿಟ್ಟರೆ ರಬ್ಬರಿನಲ್ಲಿ ತಗ್ಗು ಬಿದ್ದು ಟಕ್ ಟಕ್ ಸದ್ದು ಶುರುವಾಗುತ್ತದೆ.

ಮನೆಯಲ್ಲಿರುವ ರಂಗಗೀತೆಗಳ, ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳ ವಿಚಾರದಲ್ಲಿ ಯಂತ್ರದ ಪ್ರಶ್ನೆಯೇ ಏಳುವುದಿಲ್ಲ, ಎರಡೂ ಆ ವೇಗದಲ್ಲಿ ತಿರುಗುತ್ತವೆ. ಎಲ್‌ಪಿಯ ಸೂಜಿ ಆ ಅಗಲ ಗೀರಿನ ತಳಕ್ಕೆ ಇಳಿದು ಕಸವನ್ನೇ ಓದುತ್ತದೆ. ಅವಕ್ಕೆ ಸುಮಾರು 75 ಮೈಕ್ರಾನ್ ಮೊನೆಯ ಸೂಜಿ ಬೇಕು. ಆದ್ದರಿಂದ ನಿತ್ಯದ ಕೇಳ್ಮೆಗೆ ನಾನು ಟೆಕ್ನಿಕ್ಸನ್ನೇ ಆರಿಸಿದರೂ, ದೊಡ್ಡಪ್ಪನವರಿಗೆ ಹೊಸ ಟರ್ನ್‌ಟೇಬಲ್ ಬೇಡ, ಅಂಥ ಸೂಜಿಯಿರುವ ಇನ್ನೊಂದು ಹೆಡ್‌ಶೆಲ್ ತರಿಸಿಕೊಳ್ಳಿ ಎಂದು ಹೇಳಿ ಬಂದಿದ್ದೇನೆ.